ತುದಿಮನೆಯ ಮಗ್ಗ ಮೊದಲು

ರಬಕವಿ
9 ಜೂನ್ 2025

ಈಶ್ವರ ಮಾಮಾ ಅವರಿಗೆ,

ನಾನು ದಾನೇಶ್ವರಿ, ನಿಮ್ಮ ಅಕ್ಕ ಗುರುಬಸವ್ವನ ಮಗಳು. ನೀವು ರಬಕವಿ ಬಿಟ್ಟು ಭಿವಂಡಿಗೆ ಹೋದಾಗ ನನಗೆ ಐದು ವರ್ಷ. ನಿಮ್ಮ ಮುಖ ನೆನಪಿಲ್ಲ. ನಿಮ್ಮ ಹೆಗಲ ಮೇಲೆ ಕುಳಿತು ಮಗ್ಗದ ಪಟ್ಟೆ ತಿರುಗುವುದನ್ನು ನೋಡಿದ್ದು ಮಾತ್ರ ನೆನಪಿದೆ. ಈಗ ಜಮಖಂಡಿಯಲ್ಲಿ ಕನ್ನಡ ಎಂ.ಎ. ಮುಗಿಸಿ ಮನೆಯಲ್ಲಿದ್ದೇನೆ. ಫೋನ್ ಮಾಡೋಣವೆಂದರೆ ಅವ್ವ, "ಅವಂಗ ಮಗ್ಗದ ಸಪ್ಪಳದಾಗ ನಿಂತು ನಿಂತು ಕಿವಿ ಮಂದ ಆಗ್ಯಾವ, ಫೋನಿನ್ಯಾಗ ಏನೂ ಕೇಳಂಗಿಲ್ಲ, ಪತ್ರಾ ಬರಿ" ಎಂದಳು. ನನಗೂ ಅದೇ ಅನುಕೂಲ.

ನನ್ನ ಮೇಲೆ ಒಂದು ಕೆಲಸ ಬಿದ್ದಿದೆ. ಇಲ್ಲಿ ಕರೆಂಟನ್ನು ಖಾಸಗಿ ಕಂಪನಿಗೆ ವಹಿಸುವ ಮಾತು ನಡೆದಿದೆ. ಪರೀಕ್ಷೆಗೆಂದು ಇದೇ ತಿಂಗಳ ಹದಿನೈದರಿಂದ ನಮ್ಮ ಭಾಗದ ಲೈನುಗಳನ್ನು ಹೊರಗಿನ ಗುತ್ತಿಗೆದಾರರೊಬ್ಬರಿಗೆ ಕೊಡುತ್ತಾರಂತೆ. ಸೆಪ್ಟೆಂಬರ್ ಕೊನೆಗೆ ಜಮಖಂಡಿಯಲ್ಲಿ ಅಧಿಕಾರಿಗಳು ಕುಳಿತು ಜನರ ಅಭಿಪ್ರಾಯ ಕೇಳುತ್ತಾರೆ. ನಮ್ಮ ಓಣಿಯ ನಲವತ್ತೆರಡು ನೇಕಾರ ಮನೆಗಳ ಪರವಾಗಿ ಒಂದು ಪತ್ರ ಕೊಡಬೇಕು. ಹಿರಿಯರಾದ ಚನಮಲ್ಲಪ್ಪ ಕಾಕಾ ಕಟ್ಟೆಯ ಮೇಲೆ ಕುಳಿತಲ್ಲೇ ತೀರ್ಮಾನ ಮಾಡಿಬಿಟ್ಟರು: "ಹೊಳಬಸಪ್ಪನ ಮಗಳ ಬರೀಲಿ. ಆಕಿ ಮಾತಾಡಂಗಿಲ್ಲ, ಅಂದ್ರ ಎಲ್ಲಾ ಕೇಳಿಸ್ಕೊಂಡಿರತಾಳ."

ಕಷ್ಟ ಇಲ್ಲಿಯೇ ಇದೆ. ಅಪ್ಪ ಇಪ್ಪತ್ತಾರು ವರ್ಷದಿಂದ ಈ ಓಣಿಯ ಲೈನ್‌ಮ್ಯಾನ್. ಪರೀಕ್ಷೆ ಮುಗಿಯುವವರೆಗೆ ಅವರನ್ನು ಬೀಳಗಿ ಕಡೆಗೆ ಹಾಕುತ್ತಾರೆ. ಕಂಪನಿ ಒಳ್ಳೆಯದೆಂದು ಬರೆದರೆ ಅಪ್ಪನ ವಿರುದ್ಧ ಬರೆದಂತೆ. ಬೇಡವೆಂದು ಬರೆದರೆ ಅಪ್ಪನಿಗೋಸ್ಕರ ಬರೆದಂತೆ. ನನಗೆ ಇದ್ದದ್ದನ್ನು ಇದ್ದಂತೆ ಬರೆಯಬೇಕಾಗಿದೆ. ನಿಮ್ಮದೂ ಮಗ್ಗದ ಊರು. ಅಲ್ಲಿ ಕಂಪನಿ ಬಂದು ಹದಿನೆಂಟು ವರ್ಷವಾಯಿತಂತೆ. ಹೇಗಿದೆ, ಹೇಳುತ್ತೀರಾ?

ಈ ಪತ್ರದ ವಿಷಯ ಅಪ್ಪನಿಗೆ ಹೇಳಿಲ್ಲ. ನಿಮಗೂ ಅವರಿಗೂ ಮಾತಿಲ್ಲವೆಂದು ಗೊತ್ತು. ಯಾಕೆಂದು ಗೊತ್ತಿಲ್ಲ.

ನಿಮ್ಮ ಅಕ್ಕನ ಮಗಳು
ದಾನೇಶ್ವರಿ


ಭಿವಂಡಿ
21 ಜೂನ್ 2025

ದಾನವ್ವಾ,

ನಾ ಏಳನೇತ್ತಾ ಕಲತಾಂವ. ಮಾತಾಡಿದಂಗ ಬರೀತೇನಿ, ತಪ್ಪಿದ್ರ ನೀನ ತಿದ್ದಿ ಓದು.

ಮೊದಲ ಒಂದ ಮಾತ ಕೇಳತೇನಿ. ಇದನ್ನ ನಿಮ್ಮಪ್ಪ ಬರಸ್ಯಾನೋ, ನೀನ ಬರದೀಯೋ? ತನ್ನ ಜಾಗಾ ಅಲಗ್ಯಾಡಾಕತ್ತ ಮ್ಯಾಲ ಈಗ ಈಶ್ವರ ನೆನಪಾದ್ನೇನ ಅವಂಗ?

ಕಂಪನಿ ಛಲೋ ಐತಿ. ನಾ ಇಲ್ಲಿ ಬಂದಾಗ ದಿನಾ ಐದಾರ ತಾಸ ಕರೆಂಟ್ ಇರತಿದ್ದಿಲ್ಲ. ಇದ್ದಾಗೂ ವೋಲ್ಟೇಜ್ ಬಿದ್ದ ಮೋಟಾರ್ ಸುಡತಿದ್ದೂ. ಈಗ ಅದೆಲ್ಲಾ ಇಲ್ಲ. ಒಂದ ಫೋನ್ ಹೊಡದ್ರ ಗಾಡಿ ಬರತೈತಿ, ಕೆಲಸಾ ಮಾಡತಾರ, ಹೋಗತಾರ. ಯಾ ಲೈನ್‌ಮ್ಯಾನ್‌ಗೂ ಚಾ ಕುಡಸೂದಿಲ್ಲ, ಕಾಕಾ ಮಾಮಾ ಅನ್ನೂದಿಲ್ಲ. ನನ್ನ ನಾಕ ಮಗ್ಗ ಹಗಲೂ ರಾತ್ರಿ ನಡೀತಾವ. ನಿನ್ನ ಕಾಗದದಾಗ ಹಂಗ ಬರಿ: ಭಿವಂಡಿ ಈಶ್ವರ ಹೇಳ್ಯಾನ, ಕಂಪನಿನ ಬರಲಿ ಅಂತ.

ಯಾಕ ಮಾತಿಲ್ಲ ಅಂತ ಕೇಳೀದಿ. ನಿಮ್ಮಪ್ಪ ತನ್ನ ಕೈಯಾರೆ ಕಂಬಾ ಹತ್ತಿ ನನ್ನ ಮನಿ ವಯರ್ ಕತ್ತರಿಸ್ಯಾನ. ಖಾಸಾ ಹೇಣ್ತಿ ತಮ್ಮನ ಮನೀದು. ಓಣಿ ಮಂದೆಲ್ಲಾ ನಿಂತ ನೋಡ್ಯಾರ. ಇಷ್ಟ ಸಾಕು.

ಅಕ್ಕಗ ನಾ ಆರಾಮ ಅದೇನಿ ಅಂತ ಹೇಳು.

ಈಶ್ವರ


ರಬಕವಿ
6 ಜುಲೈ 2025

ಮಾಮಾ,

ನಿಮ್ಮ ಪತ್ರವನ್ನು ಅವ್ವನ ಮುಂದೆ ಓದಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಕೊನೆಗೆ, "ವಯರ್ ಕತ್ತರಿಸಿದ್ದು ಬರದಾನ. ಅದು ಮೀಟರ್ ವಯರೋ ಹುಕ್ಕಿನ ವಯರೋ, ಅದನ್ನ ಬರದಿಲ್ಲ" ಎಂದಳು. ನೀವು ಮೀಟರಿಲ್ಲದೆ ಎರಡು ಮಗ್ಗಕ್ಕೆ ಕಂಬದಿಂದ ನೇರವಾಗಿ ಹುಕ್ಕು ಹಾಕಿದ್ದಿರಂತೆ. ಅದೇ ವಾರ ವೋಲ್ಟೇಜ್ ಬಿದ್ದು ತುದಿಮನೆ ಹಣಮವ್ವ ಆಯಿಯ ಮೋಟಾರು ಸುಟ್ಟಿತಂತೆ. ಅಪ್ಪ ವಯರು ಕತ್ತರಿಸಿ ಬಂದು ಎರಡು ದಿನ ಊಟ ಮಾಡಲಿಲ್ಲವೆಂದು ಅವ್ವ ಹೇಳಿದಳು. ನಾನು ಯಾರ ಪರವೂ ಮಾತಾಡುತ್ತಿಲ್ಲ. ಕೇಳಿದ್ದನ್ನು ಬರೆದೆ. ನನ್ನ ಹಿಂದಿನ ಪತ್ರವನ್ನು ಅಪ್ಪ ಬರೆಸಿದ್ದಲ್ಲ ಎಂಬುದನ್ನೂ ನಂಬಿ.

ನೀವು ಹೋದ ಮೇಲೆ ಓಣಿಯಲ್ಲಿ ಒಂದು ಪದ್ಧತಿ ಬಂದಿದೆ, ನಿಮಗೆ ತಿಳಿದಿರಲಿಕ್ಕಿಲ್ಲ. ನಮ್ಮ ಟ್ರಾನ್ಸ್‌ಫಾರ್ಮರ್ ಸಣ್ಣದು, ಮಗ್ಗ ನೂರ ಅರವತ್ತು. ಕರೆಂಟು ಬಂದ ಕೂಡಲೇ ಎಲ್ಲರೂ ಒಮ್ಮೆಗೇ ಶುರು ಮಾಡಿದರೆ ಫ್ಯೂಸ್ ಹಾರುತ್ತದೆ, ತುದಿಯ ಮನೆಗೆ ಶಕ್ತಿಯೇ ಮುಟ್ಟುವುದಿಲ್ಲ. ಅದಕ್ಕೆ ಅಪ್ಪ ಒಂದು ಪಾಳಿ ಮಾಡಿದರು. ಕರೆಂಟು ಹೋದರೆ ಪ್ರತಿ ಮನೆಯವರೂ ಮೇನ್ ಸ್ವಿಚ್ ಇಳಿಸಿ, ಅದಕ್ಕೆ ಸೀರೆಯಂಚಿನ ದಡಿಯ ಒಂದು ತುಂಡು ಕಟ್ಟುತ್ತಾರೆ. ಲೈನು ಸರಿಯಾದ ಮೇಲೆ ಅಪ್ಪ ಓಣಿಯ ಬಾಯಲ್ಲಿ ನಿಂತು ಸೀಟಿ ಹೊಡೆಯುತ್ತಾರೆ. ಮೊದಲು ಹೊಳೆಯ ಕಡೆಯ ತುದಿಮನೆಯ ಮಗ್ಗ ಶುರುವಾಗಬೇಕು. ಅದರ ಸಪ್ಪಳ ಕೇಳಿ ಪಕ್ಕದ ಮನೆ ದಡಿ ಬಿಚ್ಚುತ್ತದೆ, ಅದನ್ನು ಕೇಳಿ ಅದರ ಪಕ್ಕದ್ದು. ಹೀಗೆ ಸಪ್ಪಳ ಹೊಳೆಯಿಂದ ರಸ್ತೆಯವರೆಗೆ ಒಂದೊಂದೇ ಮನೆ ಏರುತ್ತ ಬರುತ್ತದೆ. ಅಪ್ಪ ಕೊನೆಯ ಮಗ್ಗದ ಸಪ್ಪಳ ಕೇಳುವತನಕ ನಿಂತಿದ್ದು ಸೈಕಲ್ ಏರುತ್ತಾರೆ. ಹದಿನೇಳು ವರ್ಷದಲ್ಲಿ ನಮ್ಮ ಟ್ರಾನ್ಸ್‌ಫಾರ್ಮರ್ ಒಮ್ಮೆಯೂ ಸುಟ್ಟಿಲ್ಲ. ಯಾವ ಕಾಗದದಲ್ಲಿಯೂ ಇದು ದಾಖಲಾಗಿಲ್ಲ. ನನಗೆ ಇದನ್ನು ಹೇಳಿಕೊಳ್ಳಲು ಹೆಮ್ಮೆ, ಅದಕ್ಕೇ ಉದ್ದವಾಯಿತು.

ನಿಮ್ಮಲ್ಲಿ ಮೊದಲು ಯಾರ ಮಗ್ಗ ಶುರುವಾಗುತ್ತದೆ? ಎರಡೇ ಮಗ್ಗ ಇದ್ದವರ ಗತಿ ಏನಾಯಿತು? ನಿಮ್ಮ ನಾಲ್ಕು ಮಗ್ಗದಲ್ಲಿ ಈಗ ಏನು ನೇಯುತ್ತೀರಿ?

ದಾನೇಶ್ವರಿ


ರಬಕವಿ
14 ಆಗಸ್ಟ್ 2025

ಮಾಮಾ,

ಐದು ವಾರವಾದರೂ ನಿಮ್ಮ ಪತ್ರ ಬರಲಿಲ್ಲ. ಮಗ್ಗದ ಬಗ್ಗೆ ಕೇಳಬಾರದ್ದನ್ನು ಕೇಳಿದೆನೇನೋ. ಸೀರೆ ವ್ಯಾಪಾರದ ಪ್ರಭುಲಿಂಗಣ್ಣ ಹೋದ ವಾರ ಭಿವಂಡಿಯಿಂದ ಬಂದರು. ನಿಮ್ಮ ಮನೆಗೆ ಹೋಗಿದ್ದರಂತೆ. ಚಹಾ ಚೆನ್ನಾಗಿತ್ತು ಎಂದರು. ಮನೆ ಬಹಳ ಶಾಂತವಾಗಿತ್ತು ಎಂದೂ ಹೇಳಿದರು. ನಾನು ಮುಂದೆ ಕೇಳಲಿಲ್ಲ.

ಇಲ್ಲಿ ನಡೆದದ್ದನ್ನು ಹೇಳುತ್ತೇನೆ. ಜುಲೈ ಇಪ್ಪತ್ತೆರಡರಂದು ಬೆಳಿಗ್ಗೆ ಹನ್ನೊಂದಕ್ಕೆ ಗಾಳಿಗೆ ಲೈನು ಹರಿಯಿತು. ಎಲ್ಲರೂ ರೂಢಿಯಂತೆ ಸ್ವಿಚ್ ಇಳಿಸಿ ದಡಿ ಕಟ್ಟಿ ಹೊರಗೆ ಬಂದು ಕುಳಿತರು. ಹನ್ನೆರಡಾಯಿತು, ಒಂದಾಯಿತು. ಎರಡು ಗಂಟೆಗೆ ಗುತ್ತಿಗೆದಾರರ ಎಂಜಿನಿಯರ್ ಯುವರಾಜ ಎಂಬಾತ ಬೈಕಿನಲ್ಲಿ ಬಂದ. ಮುಧೋಳದ ಹುಡುಗ, ನನಗಿಂತ ಎರಡು ವರ್ಷ ದೊಡ್ಡವನಿರಬಹುದು.

"ಯಾಕ ಕುಂತೀರಿ ಎಲ್ಲಾರೂ?"

"ಕರೆಂಟಿಲ್ಲಲ್ಲೋ ತಮ್ಮಾ" ಎಂದರು ಚನಮಲ್ಲಪ್ಪ ಕಾಕಾ.

"ಕರೆಂಟ್ ಬಂದು ಎರಡ ತಾಸ ಮ್ಯಾಲಾತರಿ. ನಲವತ್ತ ನಿಮಿಷದಾಗ ಜೋಡಿಸೇವಿ."

"ಸೀಟಿ ಆಗಿಲ್ಲಲ್ಲ ಮತ್ತ."

"ಕರೆಂಟಿಗೆ ಸೀಟಿ ಯಾಕ ಬೇಕರಿ ಕಾಕಾ?"

"ಬಸ್ಸಿಗೆ ಕಂಡಕ್ಟರ್ ಯಾಕ ಬೇಕಲೇ? ಡ್ರೈವರ್ ಇದ್ದ ಮ್ಯಾಲ?"

ಎಲ್ಲರೂ ನಕ್ಕರು. ಆದರೆ ಮರುದಿನ ಬನಹಟ್ಟಿಯವರು ನಮ್ಮನ್ನು ನೋಡಿ ನಗತೊಡಗಿದಾಗ ನಗೆ ಹೋಯಿತು. ತಂತಿಯಲ್ಲಿ ಕರೆಂಟು ಹರಿಯುತ್ತಿದ್ದಾಗ ನಲವತ್ತು ಮನೆಯವರು ಅದರ ಕೆಳಗೆ ಸೀಟಿಗಾಗಿ ಕಾಯುತ್ತ ಕುಳಿತ ಕಥೆ ತೇರದಾಳದವರೆಗೂ ಹೋಯಿತು. ಗುತ್ತಿಗೆದಾರರ ವರದಿಯಲ್ಲಿ ಆ ದಿನ ಹೀಗೆ ಬಿದ್ದಿದೆಯಂತೆ: ವಿದ್ಯುತ್ ಕೊಟ್ಟರೂ ಬಳಕೆ ಇಲ್ಲ, ಈ ಓಣಿಗೆ ಇನ್ನೂ ಸಣ್ಣ ಟ್ರಾನ್ಸ್‌ಫಾರ್ಮರ್ ಸಾಕು. ನಾವು ಎಂಟು ವರ್ಷದಿಂದ ದೊಡ್ಡದು ಕೇಳುತ್ತಿದ್ದೇವೆ.

ನಾಚಿಕೆಗೆ ಓಣಿಯವರು ದಡಿ ಕಟ್ಟುವುದನ್ನೇ ಬಿಟ್ಟರು. ಈಗ ಕರೆಂಟು ಬಂದ ಕೂಡಲೇ ಎಲ್ಲರದೂ ಒಮ್ಮೆಗೇ ಶುರು. ಒಂದು ವಾರದಲ್ಲಿ ಮೂರು ಸಲ ಫ್ಯೂಸ್ ಹಾರಿತು. ಮೂರು ಸಲವೂ ಅವರು ಬೇಗ ಬಂದರು, ಅದನ್ನು ಅಲ್ಲಗಳೆಯಲಾರೆ. ಆದರೆ ಹಣಮವ್ವ ಆಯಿಯ ಮೋಟಾರು ಮತ್ತೆ ಸುಟ್ಟಿತು. ನಾನೇ ಅವಳ ಪರವಾಗಿ ದೂರಿನ ನಂಬರಿಗೆ ಫೋನ್ ಮಾಡಿದೆ. ಧ್ವನಿಮುದ್ರಣ ಒಂದು ನಂಬರು ಕೊಟ್ಟಿತು. ಆಯಿ ಪಕ್ಕದಲ್ಲಿ ನಿಂತು, "ಯಾರ ಮಾತಾಡಿದ್ರು, ಯಾರ ಮಗಾ ಅಂತ ಕೇಳಿದೇನು?" ಎಂದಳು.

ನನ್ನ ಸಂಕಟ ಇಷ್ಟೇ. ನಲವತ್ತು ನಿಮಿಷ ಎಂಬುದು ನಿಜ. ಅಪ್ಪನಿಗೆ ಯಾವತ್ತೂ ಎರಡು ತಾಸಿಗಿಂತ ಕಡಿಮೆ ಹಿಡಿದಿಲ್ಲ. ಅದನ್ನು ಪತ್ರದಲ್ಲಿ ಬರೆದರೆ ನಾಳೆ ಅಧಿಕಾರಿಗಳು ಅದೊಂದನ್ನೇ ಎತ್ತಿ ಓದುತ್ತಾರೆ. ಬಿಟ್ಟರೆ ನಾನು ಸುಳ್ಳುಗಾರ್ತಿ. ಅಪ್ಪ ಬೀಳಗಿಯಿಂದ ಎರಡು ಬಸ್ಸು ಬದಲಿಸಿ ಬಂದು, ಕಾಲು ತೊಳೆದು, "ಇವತ್ತ ಓಣ್ಯಾಗ ಲೈನ್ ಹೆಂಗಿತ್ತು?" ಎಂದು ಕೇಳುತ್ತಾರೆ. "ಛಲೋ ಇತ್ತು" ಎನ್ನುತ್ತೇನೆ.

ದಾನೇಶ್ವರಿ


ಭಿವಂಡಿ
31 ಆಗಸ್ಟ್ 2025

ದಾನವ್ವಾ,

ಪ್ರಭುಲಿಂಗ ಮನಿ ಶಾಂತ ಇತ್ತಂದ್ನೇನ? ಶಾಣ್ಯಾ ಅದಾನ. ಮಗ್ಗ ಇಲ್ಲ, ದಾನವ್ವಾ. ನಾಕೂ ತೂಕದ ಮ್ಯಾಲ ಮೋಡಕಾಕ್ಕ ಹಾಕಿ ಮೂರ ವರ್ಷಾತು. ನಿನಗ ಸುಳ್ಳ ಬರದಿದ್ದೆ.

ಕಂಪನಿ ಒಂದ ಅದಕ್ಕ ಕಾರಣ ಅಂದ್ರ ಅದೂ ಸುಳ್ಳ ಆದೀತು. ಮಂದಿ ಹೊಸಾ ಮಷೀನ್ ತಂದ್ರು, ನಂದು ಹಳೇವು. ಕರೆಂಟಿನ ದರ ಏರಿತು. ದೊಡ್ಡ ಶೆಡ್‌ನವರು ಅದನ್ನ ತಡಕೊಂಡ್ರು, ನಾಕ ಮಗ್ಗದವಂಗ ಆಗಲಿಲ್ಲ. ಆದ್ರ ಕರೆಂಟ್ ಹೋಗಂಗಿಲ್ಲ ಅಂತ ಬರದಿದ್ದೆನಲ್ಲ, ಅದು ಖರೆ. ಮೋಟಾರ್ ಸುಡಂಗಿಲ್ಲ ಅನ್ನೂದೂ ಖರೆ. ಅದನ್ನ ಬರಿ. ಎರಡೂ ಬರಿ.

ಈಗ ನಾ ಏನ ಮಾಡತೇನಿ ಅಂತ ಕೇಳಿದ್ರ ನೀ ನಗತಿ. ಕಂಪನಿಯವರ ಹುಕ್ ತಗಿಯೋ ಗಾಡ್ಯಾಗ ಹೋಗತೇನಿ. ಎಲ್ಲಿ ಹುಕ್ ಹಾಕಿರತಾರ ಅಂತ ಹಾಕಿದಾಂವಗ ಗೊತ್ತಿರತೈತಿ ಅಂತ ಇಟಗೊಂಡಾರ. ಕಿವಿ ಕೇಳದಿದ್ರೂ ನಡೀತೈತಿ, ಕಣ್ಣ ಬೇಕು.

ಮೊದಲನೇ ದಿನಾ ಒಂದ ಮನೀದ ಹುಕ್ ತಗದ್ವಿ. ಆ ಮನಿ ಯಜಮಾನ ಬಾಗಲದಾಗ ನಿಂತಿದ್ದ, ನಂದ ವಯಸ್ಸು. ಐದ ನಿಮಿಷದಾಗ ಕೆಲಸಾ ಆತು, ಗಾಡಿ ಹೊಂಟತು. ಯಾರೂ ಕೆಳಗ ಇಳೀಲಿಲ್ಲ, ಅವನ ಹೆಸರ ಕೇಳಲಿಲ್ಲ. ತಪ್ಪ ಅವಂದ, ಕೆಲಸಾ ನಮ್ದು. ಆದ್ರ ನಾ ಗಾಡ್ಯಾಗ ಕುಂತ ನಿಮ್ಮಪ್ಪನ್ನ ನೆನಸಿದೆ.

ಅಕ್ಕ ನಿನಗ ಪೂರ್ತಿ ಹೇಳಿಲ್ಲ, ಯಾಕಂದ್ರ ಅದು ಆಕಿಗೂ ಗೊತ್ತಿಲ್ಲ. ವಯರ್ ಕತ್ತರಿಸಿ ಕಂಬದಿಂದ ಇಳದ ನಿಮ್ಮಪ್ಪ ಸೀದಾ ನನ್ನ ಮನಿ ಒಳಗ ಬಂದ. ಮಂದಿ ಹೊರಗ ನಿಂತಿದ್ರು. ಅಂಗಿ ಕಿಸೆದಿಂದ ಮೀಟರಿನ ಅರ್ಜಿ ತಗದ ನನ್ನ ಮಗ್ಗದ ಮ್ಯಾಲ ಇಟ್ಟ. ತಾನ ತುಂಬಿದ್ದ, ನನ್ನ ಸಹಿ ಒಂದ ಬಾಕಿ. "ನಾಳೆ ಜಮಖಂಡಿಗೆ ಹೋಗೂಣು, ನಾನೂ ಬರತೇನಿ" ಅಂದ. ನಾ ಅದನ್ನ ಅವನ ಮುಂದ ಹರದೆ. ಮರುದಿನಾ ಭಿವಂಡಿ ಗಾಡಿ ಹತ್ತಿದೆ. ಹದಿನೆಂಟ ವರ್ಷ ನಾ ಮಂದಿಗೆ ವಯರ್ ಕತ್ತರಿಸಿದ್ದಷ್ಟ ಹೇಳೇನಿ. ಅರ್ಜಿದ ಹೇಳಿಲ್ಲ.

ಮೊದಲ ಯಾರ ಮಗ್ಗ ಸುರುವಾಗತೈತಿ ಅಂತ ಕೇಳಿದ್ದಿ. ಎಲ್ಲಾರದೂ ಒಮ್ಮೆಗೆ. ಅಷ್ಟ ದೊಡ್ಡ ಟ್ರಾನ್ಸ್‌ಫಾರ್ಮರ್ ಹಾಕ್ಯಾರ. ಯಾರೂ ಯಾರಿಗೂ ಕಾಯಬೇಕಾಗಿಲ್ಲ. ಛಲೋನ ಅದು. ಆದ್ರ ನನ್ನ ಮಗ್ಗ ನಿಂತ ಮೂರ ವರ್ಷಾತು, ಬಾಜೂ ಮನಿಯವರಿಗೆ ಇನ್ನೂ ಗೊತ್ತಿಲ್ಲ.

ನಲವತ್ತ ನಿಮಿಷ ಬರಿ. ಬರೀಲಿಲ್ಲಂದ್ರ ನಿಮ್ಮಪ್ಪ ಸಣ್ಣಾಂವ ಆಗತಾನ. ಈ ಪತ್ರಾ ಅವಂಗ ತೋರಸು.

ಈಶ್ವರ


ರಬಕವಿ
15 ಸೆಪ್ಟೆಂಬರ್ 2025

ಮಾಮಾ,

ತೋರಿಸಿದೆ.

ಅಪ್ಪ ಬೆಳಿಗ್ಗೆ ಏಳೂವರೆಯ ಜಮಖಂಡಿ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ನಿಂತಿದ್ದರು. ನಿಂತೇ ಓದತೊಡಗಿದವರು ಕುಳಿತರು. ಎರಡು ಸಲ ಓದಿದರು. ಬಸ್ಸು ಹೋಯಿತು. ನಾನು ಕಂಡಂತೆ ಅವರು ಕೆಲಸದ ಬಸ್ಸು ತಪ್ಪಿಸಿಕೊಂಡದ್ದು ಅದೇ ಮೊದಲು.

"ಅವನ ಕಿವಿ ಪೂರಾ ಹೋಗ್ಯಾವೇನ?" ಎಂದರು.

"ಫೋನಿನಲ್ಲಿ ಕೇಳುವುದಿಲ್ಲವಂತೆ."

ಪತ್ರ ಮಡಚಿ ನನಗೆ ಕೊಡಲಿಲ್ಲ, ಕಿಸೆಯಲ್ಲಿ ಇಟ್ಟುಕೊಂಡರು. ಆಮೇಲೆ ಕೇಳಿದರು: "ನಲವತ್ತ ನಿಮಿಷದ ಮಾತು ನನಗ್ಯಾಕ ಹೇಳಿದ್ದಿಲ್ಲ?"

ನಾನು ಅವರ ಬುತ್ತಿಯನ್ನು ಎತ್ತಿ ಒಳಗಿಟ್ಟೆ.

"ಬೀಳಗಿ ಬಸ್‌ಸ್ಟ್ಯಾಂಡಿನ್ಯಾಗ ಮಂದಿ ಹೇಳಿ ನಕ್ಕು ಒಂದ ತಿಂಗಳಾತು. ನೀ ದಿನಾ ಛಲೋ ಇತ್ತು, ಛಲೋ ಇತ್ತು ಅಂದಿ. ಬರಿ ಅದನ್ನ. ನನಗ ಎರಡ ತಾಸ ಹಿಡೀತಿತ್ತು, ಅದನ್ನೂ ಬರಿ. ಯಾಕ ಹಿಡೀತಿತ್ತು ಅಂತ ಕೇಳಿದ್ರ ಇಷ್ಟ ಹೇಳು: ಅವರು ಆರ ಮಂದಿ ಅದಾರ, ಒಂದ ಗಾಡಿ ಐತಿ. ನಾಕ ಮಂದಿ ಮಾಡೂ ಜಾಗಾದಾಗ ನಾ ಹನ್ನೊಂದ ವರ್ಷ ಒಬ್ಬನ ಇದ್ದೆ. ಸೈಕಲ್ ನಂದ."

ಇಷ್ಟು ವರ್ಷದಲ್ಲಿ ಇದನ್ನು ಅವರು ಮನೆಯಲ್ಲಿ ಒಮ್ಮೆಯೂ ಹೇಳಿರಲಿಲ್ಲ. ದೂರಿನಂತೆ ಕೇಳುತ್ತದೆಂದು ಬಿಟ್ಟಿದ್ದರೋ ಏನೋ.

ಆ ರವಿವಾರ ಅಪ್ಪ ಮನೆಮನೆಗೆ ಹೋಗಿ ದಡಿಯ ತುಂಡುಗಳನ್ನು ಮತ್ತೆ ಕಟ್ಟಿಸಿದರು. "ಬನಹಟ್ಟಿಯವರು ನಕ್ಕರ ನಗಲಿ, ಹಣಮವ್ವನ ಮೋಟಾರ್ ಅವರ ಕಟ್ಟಸಂಗಿಲ್ಲ" ಎಂದರು. ಸುಟ್ಟ ಮೋಟಾರನ್ನು ತಾವೇ ಬಿಚ್ಚಿಕೊಂಡು ಹೋಗಿ ಹೊಸ ತಂತಿ ಸುತ್ತಿಸಿ ತಂದರು. ಯುವರಾಜನಿಗೂ ಹೇಳಿ ಕಳಿಸಿದ್ದರು. ಅವನು ಬಂದ, ನೋಡುತ್ತೇನೆ ಎಂದ. ಲೈನು ಬಂದ್ ಮಾಡಿ ಮತ್ತೆ ಕೊಟ್ಟರು. ಅಪ್ಪ ಸೀಟಿ ಹೊಡೆದರು. ಹೊಳೆಯ ಕಡೆ ಒಂದೇ ಒಂದು ಮಗ್ಗ ಶುರುವಾಯಿತು. ನಂತರ ಇನ್ನೊಂದು ಮನೆ. ಸಪ್ಪಳ ನಮ್ಮ ಮನೆ ದಾಟಿ ರಸ್ತೆ ಮುಟ್ಟುವವರೆಗೆ ಯುವರಾಜ ಕೈಯಲ್ಲಿ ಮೀಟರು ಹಿಡಿದು ಮುಳ್ಳು ನೋಡುತ್ತಲೇ ಇದ್ದ. ಫ್ಯೂಸ್ ನಿಂತಿತು.

"ಇದನ್ನ ಯಾರ ಕಲಸಿದ್ರಿ ನಿಮಗ?"

"ಒಬ್ಬಾಂವ ಹುಕ್ ಹಾಕಿದ್ದ. ಅವನ ಕಲಸಿದ" ಎಂದರು ಅಪ್ಪ. ಸೀಟಿಯನ್ನು ಅವನ ಮುಂದೆ ಹಿಡಿದು, "ತಮ್ಮಾ, ನಿನ್ನ ಗಾಡಿ ನನಗ ಕೊಡು, ನನ್ನ ಸೀಟಿ ನೀ ತಗೋ. ಇಬ್ಬರೂ ಸುಧಾರಿಸೇವು" ಎಂದರು.

ಯುವರಾಜ ನಗುತ್ತಲೇ ನೋಟುಬುಕ್ಕು ತೆಗೆದು ಪಾಳಿಯನ್ನು ಬರೆದುಕೊಂಡ.

ನಾನೂ ಆ ಸಂಜೆಯೇ ಬರೆಯಲು ಕುಳಿತೆ.

ದಾನೇಶ್ವರಿ


ರಬಕವಿ
28 ಸೆಪ್ಟೆಂಬರ್ 2025

ಮಾಮಾ,

ನಿನ್ನೆ ಜಮಖಂಡಿಯಲ್ಲಿ ಸಭೆ ಆಯಿತು.

ಪತ್ರ ಒಂದೂವರೆ ಪುಟವಾಗಿತ್ತು. ಗುತ್ತಿಗೆದಾರರು ನಲವತ್ತು ನಿಮಿಷದಲ್ಲಿ ಲೈನು ಜೋಡಿಸಿದ್ದನ್ನು ಮೊದಲ ಸಾಲಿನಲ್ಲೇ ಬರೆದೆ. ಭಿವಂಡಿಯಲ್ಲಿ ಮೋಟಾರು ಸುಡದಿರುವುದನ್ನೂ, ನಾಲ್ಕು ಮಗ್ಗದವರು ಉಳಿಯದಿರುವುದನ್ನೂ ನಿಮ್ಮ ಹೆಸರಿನಿಂದಲೇ ಬರೆದೆ. ಆಮೇಲೆ ದಡಿ, ಸೀಟಿ, ತುದಿಮನೆ, ಒಬ್ಬನೇ ಲೈನ್‌ಮ್ಯಾನ್. ಕೊನೆಗೆ ಓಣಿಯ ಮಾತು: ಲೈನನ್ನು ಮಾರಬೇಡಿ. ಆರು ಜನ, ಒಂದು ಗಾಡಿ ಗುತ್ತಿಗೆದಾರರಿಗೆ ಸಿಗುವುದಾದರೆ ನಮ್ಮ ಆಫೀಸಿಗೂ ಸಿಗಲಿ, ಆಮೇಲೆ ಇಬ್ಬರನ್ನೂ ಅಳೆಯಿರಿ. ಇಷ್ಟಾಗಿಯೂ ಕಂಪನಿಗೆ ಕೊಡುವುದೇ ಆದರೆ, ತುದಿಮನೆಯ ಮಗ್ಗ ಮೊದಲು ಎಂಬುದನ್ನು ಕರಾರಿನಲ್ಲಿ ಬರೆಯಿರಿ.

ಅಲ್ಲಿ ನೋಡಿದರೆ ಒಂದು ಅಚ್ಚಿನ ಫಾರಂ. ಎರಡೇ ಚೌಕ: ಬೇಕು, ಬೇಡ. ಗುರುತು ಹಾಕಿ ಕೊಡಿ ಎಂದರು. ಚನಮಲ್ಲಪ್ಪ ಕಾಕಾ ಫಾರಂ ತಿರುಗಿಸಿ ಹಿಂದೆ ಮುಂದೆ ನೋಡಿ, "ಸಾಹೇಬರ, ನಮ್ಮ ಓಣಿ ಇದರಾಗ ಹಿಡಿಯಂಗಿಲ್ಲರಿ" ಎಂದರು. ಸಭೆ ನಕ್ಕಿತು. ಅಧಿಕಾರಿ, ಇದನ್ನು ಬರೆದವರು ಯಾರು, ಎರಡು ಮಾತಿನಲ್ಲಿ ಹೇಳಲಿ ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಎದ್ದು ನಿಂತೆ.

"ಎರಡು ಮಾತಿನಲ್ಲಿ ಆಗುವುದಿಲ್ಲ ಸರ್. ಒಂದೂವರೆ ಪುಟ ಓದುತ್ತೇನೆ."

ಓದಿದೆ, ಮಾಮಾ. ಎರಡು ತಾಸು ಎಂದು ಬರೆದ ಸಾಲು ಬಂದಾಗ ತಲೆ ಎತ್ತಿದೆ. ಹಿಂದಿನ ಬಾಗಿಲಲ್ಲಿ ಅಪ್ಪ ನಿಂತಿದ್ದರು, ಬೀಳಗಿಯಿಂದ ಬಂದವರು. ಕಣ್ಣು ತಪ್ಪಿಸಲಿಲ್ಲ. ಮುಂದೆ ಓದು ಎಂಬಂತೆ ಗದ್ದ ಅಲ್ಲಾಡಿಸಿದರು. ಓದಿ ಮುಗಿದ ಮೇಲೆ ಅಧಿಕಾರಿ ಕಾಗದವನ್ನು ಫಾರಮ್ಮಿಗೆ ಪಿನ್ ಮಾಡಿ ತಮ್ಮ ಕೈಯಿಂದಲೇ ನಂಬರು ಹಾಕಿದರು. ತೀರ್ಮಾನ ಯಾವಾಗ ಬರುತ್ತದೋ, ಏನು ಬರುತ್ತದೋ ಗೊತ್ತಿಲ್ಲ.

ಬಸ್ಸಿನಲ್ಲಿ ಅಪ್ಪ ನನ್ನ ಪಕ್ಕ ಕುಳಿತರು. ಕಂಡಕ್ಟರ್ ಬಂದಾಗ, "ಒಂದ ರಬಕವಿ. ಇಕಿ ನನ್ನ ಮಗಳು" ಎಂದರು. ಅವನು ಏನೂ ಕೇಳಿರಲಿಲ್ಲ.

ಇನ್ನೊಂದು ವಿಷಯ. ಪತ್ರಕ್ಕೆ ಸಹಿ ಬಂದದ್ದು ನಲವತ್ತೊಂದು. ನಲವತ್ತೆರಡನೆಯದು ಬೀಗ ಹಾಕಿದ ನಿಮ್ಮ ಮನೆ. ಅದನ್ನು ಬಿಟ್ಟು ನಂಬರು ಹಾಕಲು ಹೋದಾಗ ಚನಮಲ್ಲಪ್ಪ ಕಾಕಾ ಬೇಡವೆಂದರು. ಆ ಸಾಲು ಖಾಲಿಯೇ ಇದೆ.

ದಾನೇಶ್ವರಿ


ಭಿವಂಡಿ
12 ಅಕ್ಟೋಬರ್ 2025

ದಾನವ್ವಾ,

ನಿನ್ನ ಪತ್ರಾ ಗಾಡ್ಯಾಗ ಕುಂತ ಓದಿದೆ. ಡ್ರೈವರ್ ಏನಾತು ಅಂದ. "ನನ್ನ ಅಕ್ಕನ ಮಗಳು ಸಾಹೇಬರಿಗೆ ಎರಡ ಮಾತಿನ್ಯಾಗ ಆಗಂಗಿಲ್ಲ ಅಂದಾಳ" ಅಂತ ಹೇಳಿದೆ. ಅವಂಗ ತಿಳೀಲಿಲ್ಲ. ಇರಲಿ.

ಇದರ ಕೂಡ ಒಂದ ಕಾಗದಾ ಇಟ್ಟೇನಿ. ಮೀಟರಿನ ಅರ್ಜಿ. ಪ್ರಭುಲಿಂಗನ ಕಡಿಂದ ತರಸಿ ನಾನ ತುಂಬೇನಿ, ಈ ಸಲ ಸಹಿನೂ ಮಾಡೇನಿ. ಎರಡ ಮಗ್ಗಕ್ಕ. ನಾಳೆ ಕಂಪನಿ ಬರಲಿ, ಸರಕಾರನ ಇರಲಿ, ಮೀಟರ್ ಮಾತ್ರ ನನ್ನ ಹೆಸರಲೆ ಇರಲಿ. ಹಳೇ ಮಗ್ಗ ಎಲ್ಲಿ ಸಿಗತಾವ ಅಂತ ನನಗ ಗೊತ್ತೈತಿ. ಮುಂದಿನ ತಿಂಗಳ ಬರತೇನಿ, ಮನಿ ಕಸಾ ಹೊಡಿಸಿಡು ಅಂತ ಅಕ್ಕಗ ಹೇಳು.

ಅರ್ಜಿ ನಿಮ್ಮಪ್ಪನ ಕೈಯಾಗ ಕೊಡು. ಬೀಳಗಿಯಿಂದ ತಿರುಗಿ ಬರೂತನಕಾ ಕಾಯತೇನಿ, ಬ್ಯಾರೆ ಯಾರೂ ಜೋಡಸೂದ ಬ್ಯಾಡ. ಕಂಬಾ ಅವನ ಹತ್ತಲಿ. ಓಣಿ ಮಂದಿನ್ನ ಕರದ ನಿಲ್ಲಸು, ಅವತ್ತ ನೋಡಿದವರು ಇವತ್ತೂ ನೋಡಲಿ. ನಾ ಕೆಳಗ ನಿಚ್ಚಣಿಕಿ ಹಿಡಕೊಂಡ ನಿಂತಿರತೇನಿ.

ನನಗ ಸೀಟಿ ಕೇಳಸಂಗಿಲ್ಲ, ಪಾಳಿ ತಪ್ಪತೈತಿ ಅಂತ ಅವಂಗ ಚಿಂತಿ ಬ್ಯಾಡ. ಬಾಜೂ ಮನಿ ಮಗ್ಗ ಸುರುವಾದ್ರ ನೆಲ ನಡಗತೈತಿ. ಬರೇ ಕಾಲಲೆ ನಿಂತಿದ್ರ ಸಾಕು, ನನಗ ತಿಳೀತೈತಿ.

ನಿನ್ನ ಮಾಮಾ
ಈಶ್ವರ
ಮನಿ ನಂಬರ್ ನಲವತ್ತೆರಡು